ಮಂಜಿನೊಳಗೆ ಹೋದ ವಿಮಾನ

ಸಿದ್ದಾಪುರ
೧೪ ಜುಲೈ ೨೦೨೪

ಪ್ರೀತಿಯ ಅನು,

ಹೇಗಿದ್ದೀಯ ಪುಟ್ಟಿ? ಹೋದ ತಿಂಗಳ ಕೆಮ್ಮು ಬಿಟ್ಟಿತೇ? ಆ ಹಾಸ್ಟೆಲಿನ ಒಣ ಚಪಾತಿ ಈಗಲಾದರೂ ಒಗ್ಗಿತೇ? ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದರ ಚಿಂತೆ ಬಿಡು. ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿನ್ನ ಗೆಳತಿ ಪವಿತ್ರಾ ನಿನ್ನ ಅಪ್ಪನಿಗೆ ಎಲ್ಲ ಹೇಳಿದಳು. ಮೋಡ ಕಟ್ಟುತ್ತಿದೆ, ಒಬ್ಬಳೇ ವಿಮಾನ ಹಾರಿಸುವುದಿಲ್ಲ ಎಂದೆಯಂತೆ. ಪೈಲಟ್ ಕೆಲಸ ಹೇಳಿಕೊಡುವವರು ಎಲ್ಲರೆದುರು ಪುಕ್ಕಲಿ ಎಂದರಂತೆ. ಆಮೇಲೆ ಮಳೆಯೂ ಬರಲಿಲ್ಲವಂತೆ. ಅಷ್ಟಕ್ಕೇ ಕಲಿಯುವುದನ್ನೇ ಬಿಡುತ್ತೇನೆ ಎನ್ನುತ್ತಿದ್ದೀಯಂತೆ.

ನಿನ್ನ ಮುತ್ತಜ್ಜನ ವಿಷಯ ನಿನಗೆ ಗೊತ್ತೇ ಇದೆ, ಆದರೂ ಇನ್ನೊಮ್ಮೆ ಕೇಳು. ಸ್ವಾತಂತ್ರ್ಯಕ್ಕೆ ಹತ್ತು ಹನ್ನೆರಡು ವರ್ಷ ಮೊದಲು ನನ್ನ ಅಪ್ಪ ಲಿಂಗ ಕಕ್ಕಬೆ ಕಡೆಯ ಎಸ್ಟೇಟಿನಲ್ಲಿ ಕೆಲಸಕ್ಕಿದ್ದ. ಅಲ್ಲಿನ ಬಿಳಿ ದೊರೆ ಒಂದು ಪುಟ್ಟ ವಿಮಾನ ತರಿಸಿದ್ದ. ಎರಡೇ ಸೀಟು, ರೆಕ್ಕೆಗೆ ಬಟ್ಟೆಯ ಹೊದಿಕೆ. ಹೊರಡುವಾಗ ಅದರ ಬಾಲ ಹಿಡಿದು ನಿಲ್ಲುವುದು ಅಪ್ಪನ ಕೆಲಸ. ಹಾರಿಸುತ್ತಿದ್ದವನಿಗೆ ಇಪ್ಪತ್ತೆರಡು ವರ್ಷ, ಹೊಸದಾಗಿ ಇಂಗ್ಲೆಂಡಿನಿಂದ ಬಂದವನು. ಒಂದು ಬೆಳಿಗ್ಗೆ ದೊರೆಯ ನೆಂಟರನ್ನು ಕರೆತರಲು ಅವನು ಮೈಸೂರಿಗೆ ಹೋಗಬೇಕಿತ್ತು. ತಡಿಯಂಡಮೋಳ್ ಬೆಟ್ಟದಿಂದ ಮಂಜು ಇಳಿಯುತ್ತಿತ್ತು. ‘ಬೇಡ ದೊರೆ, ಈ ಮಂಜು ಇವತ್ತು ಬಿಡಲ್ಲ’ ಎಂದು ಅಪ್ಪ ಆ ಹುಡುಗನಿಗೆ ಹೇಳಿದ, ಅವನು ಕೇಳದೆ ಹೋದ ಎಂದು ನಿನಗೆ ಹೇಳುತ್ತಾ ಬಂದಿದ್ದೇನೆ.

ವಿಮಾನ ಮೇಲೇರಿತು, ಕಾಣದಾಯಿತು. ಸ್ವಲ್ಪ ಹೊತ್ತಿಗೆ ಸದ್ದು ಮಾತ್ರ ಹಿಂತಿರುಗಿ ಬಂತು. ಇಳಿಯುವ ಹುಲ್ಲುಗಾವಲು ಹುಡುಕುತ್ತಾ ತಲೆಯ ಮೇಲೇ ಮೂರು ಸುತ್ತು ಸುತ್ತಿತು. ಆಳುಗಳೆಲ್ಲ ತಟ್ಟೆ ಬಡಿದರು, ಕೂಗಿದರು, ಸೌದೆ ರಾಶಿಗೆ ಬೆಂಕಿ ಹಚ್ಚಿದರು. ಆಮೇಲೆ ಸದ್ದು ನಿಂತುಹೋಯಿತು. ಏಲಕ್ಕಿ ಮಲೆಯ ಮರಗಳ ನಡುವೆ ಬಿದ್ದಿದ್ದ ವಿಮಾನವನ್ನು ಮೊದಲು ಕಂಡವನು ಅಪ್ಪನೇ. ಕಂಬಳಿಯಲ್ಲಿ ಆ ಹುಡುಗನನ್ನು ಹೊತ್ತು ತಂದರು. ಮಧ್ಯಾಹ್ನದವರೆಗೂ ಅವನಿಗೆ ಉಸಿರಿತ್ತು. ಅಪ್ಪನ ಹೆಬ್ಬೆರಳು ಹಿಡಿದುಕೊಂಡೇ ಇದ್ದ. ಏನೋ ಹೇಳಿದನಂತೆ, ಇವರಿಗೆ ಆ ಭಾಷೆ ತಿಳಿಯಲಿಲ್ಲ. ಮುಂದೆ ನಾನು ಹುಟ್ಟಿ ಬೆಳೆದ ಮೇಲೂ, ಮಂಜು ಕವಿದ ದಿನ ಅಪ್ಪ ಕೆಲಸ ಬಿಟ್ಟು ಅಂಗಳದಲ್ಲಿ ಕಿವಿಗೊಟ್ಟು ಕೂರುತ್ತಿದ್ದ.

ಮಳೆ ಬರಲಿಲ್ಲ ಎಂಬ ಮಾತ್ರಕ್ಕೆ ನಿನ್ನದು ತಪ್ಪಾಗುವುದಿಲ್ಲ ಮಗಳೇ. ನಾಳೆ ಆಕಾಶ ಚೆನ್ನಾಗಿದ್ದರೆ ಹೋಗಿ ಹಾರಿಸು.

ಇಗ್ಗುತಪ್ಪ ನಿನ್ನನ್ನು ಕಾಯಲಿ. ಪವಿತ್ರಾಳಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಜ್ಜಿ,
ವನಜಮ್ಮ

ತಾ.ಕ.: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅಂಚೆಗೆ ಹಾಕಲು ನಿನ್ನ ಅಪ್ಪ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಅನು, ನನ್ನ ಅಪ್ಪ ಅಂದು ಬೇಡ ಎನ್ನಲಿಲ್ಲ. ಪೈಲಟ್ಟೇ ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ, ಇಂಗ್ಲಿಷ್ ಬಲ್ಲ ರೈಟರ್ ಮೊಣ್ಣಪ್ಪನ ಮೂಲಕ ವಿಚಾರಿಸಿದ್ದ. ‘ಲಿಂಗಾ, ಮಂಜು ಬಿಡ್ತದಾ ಅಂತ ಕೇಳ್ತಿದ್ದಾರೆ ನೋಡು.’ ಬಿಡುವುದಿಲ್ಲವೆಂದು ಅಪ್ಪನಿಗೆ ಗೊತ್ತಿತ್ತು. ಆದರೆ ದೊರೆ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದ. ಅಪ್ಪ ‘ಬಿಡ್ತದೆ’ ಎಂದುಬಿಟ್ಟ. ಸಾಯುವ ಮೊದಲು ನನಗೊಬ್ಬಳಿಗೇ ಇದನ್ನು ಹೇಳಿದ. ಅವನ ಮೇಲಿನ ಮರುಕಕ್ಕೆ ನಾನು ಕಥೆಯನ್ನು ತಿದ್ದಿದೆ. ಅಂದು ಅವನ ಬಾಯಿಗೆ ಬಾರದ ಮಾತನ್ನು ನೀನು ಎಲ್ಲರೆದುರು ಹೇಳಿದ್ದೀಯ. ನಿನ್ನ ಅಪ್ಪನಿಗೂ ಈ ನಿಜ ಗೊತ್ತಿಲ್ಲ. ಅಂಚೆಗೆ ಹಾಕಿ ಬರಲಿ, ಹೇಳುತ್ತೇನೆ.