ಎಡಗಡೆಯ ಚಕ್ರದ ನಿಂಬೆಹಣ್ಣು

ಪ್ರೀತಿಯ ರೀಮಾ,

ಗಂಟೆ ಎರಡೂ ಮುಕ್ಕಾಲು. ಪಾಪುವಿನ ಗೆಜ್ಜೆ ಘಲ್ಲೆಂದಿತು, ನನಗೆ ಎಚ್ಚರವಾಯಿತು. ಅವಳು ಬರೀ ಮಗ್ಗುಲು ಬದಲಿಸಿದ್ದು. ಎರಡು ವಾರದಿಂದ ನನಗೆ ಅಷ್ಟು ಶಬ್ದ ಸಾಕು. ಅಡುಗೆಮನೆಗೆ ಬಂದು ಕೂತು, ನೀನು ಸಂಜೆ ಕಳಿಸಿದ ಲೇಖನವನ್ನು ಮೂರನೆಯ ಸಲ ಓದಿದೆ.

ಚೆನ್ನಾಗಿ ಬರೆದಿದ್ದೀ. ನಮ್ಮ ಹೊಸ ಹೈಬ್ರಿಡ್ ಗಾಡಿಯನ್ನು ಮೂರು ದಿನ ನಿನ್ನ ಕೈಗೆ ಕೊಟ್ಟದ್ದು ಸಾರ್ಥಕ. ಕೊಟ್ಟಾರದ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಮುಟ್ಟದೆ ಬ್ಯಾಟರಿಯಲ್ಲೇ ತೆವಳುವುದು, ಏರಿನಲ್ಲಿ ಇಂಜಿನ್ ಯಾವಾಗ ಸೇರಿಕೊಂಡಿತೆಂದೇ ತಿಳಿಯದಿರುವುದು, ಡಿಕ್ಕಿಯಲ್ಲಿ ಮಗುವಿನ ಗಾಡಿ ಮಡಚದೆ ಹಿಡಿಯುವುದು, ಹಿಂದಿನ ಸೀಟಿನಲ್ಲಿ ಗುಲಾಬಿ ಅತ್ತೆಯ ಮಂಡಿ ನೋಯದಿರುವುದು, ಎಲ್ಲ ಉಂಟು. ಇಷ್ಟು ದುಬಾರಿ ಗಾಡಿಗೆ ಬಾಗಿಲಿನ ಪ್ಲಾಸ್ಟಿಕ್ ಅಗ್ಗದ್ದಾಯಿತು ಎಂದದ್ದೂ ನಿಜವೇ. ಆದರೆ "ನಗರದೊಳಗೆ ಗಾಡಿ ಚಾಲೂ ಇದೆಯೆಂದೇ ತಿಳಿಯುವುದಿಲ್ಲ, ಇದೇ ಇದರ ದೊಡ್ಡ ಗುಣ" ಎಂಬ ಸಾಲನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಕೆಳಗೆ ನೀನು ನನಗೆಂದೇ ಬರೆದಿದ್ದೀ: "ಆ ವಿಷಯ ಬಿಟ್ಟಿದ್ದೇನೆ, ನೀನು ಹೇಳಿದ ಹಾಗೆ."

ನಾನೇ ಹೇಳಿದ್ದು. ಆ ದಿನ ಅಂಗಳದಲ್ಲಿ ನಿನ್ನ ಎರಡೂ ಕೈ ಹಿಡಿದು, "ಯಾರಿಗೂ ಹೇಳ್ಬೇಡ ಮಾರಾಯ್ತಿ, ಮಾವನ ಮರ್ಯಾದೆ ಹೋಗ್ತದೆ" ಎಂದಿದ್ದೆ.

ಗಾಡಿ ಪೂಜೆಯ ದಿನ ಅತ್ತೆಗೆ ಸೆಕೆಯಾದೀತೆಂದು ನಮ್ಮವರು, ಶೋಭಿತ್, ಗಾಡಿ ಆರಿಸದೆ ಎಸಿ ಹಾಕಿಯೇ ಇಳಿದಿದ್ದರು. ಬಾಲಚಂದ್ರ ಭಟ್ಟರು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಗಂಟೆ ಬಾರಿಸುತ್ತಿದ್ದರು. ಫೋಟೋಕ್ಕೆಂದು ಮಾವ ಸ್ಟೀರಿಂಗ್ ಹಿಂದೆ ಕೂತರು. ನಲವತ್ತು ವರ್ಷ ಡೀಸೆಲ್ ಜೀಪು ಓಡಿಸಿದವರಿಗೆ ಶಬ್ದವಿಲ್ಲದ ಗಾಡಿ ಎಂದರೆ ನಿಂತ ಗಾಡಿ. ಕೂತ ಕೂಡಲೇ ಕ್ಲಚ್ ಒತ್ತಿ ಗೇರು ಅಲುಗಾಡಿಸಿ ನೋಡುವುದು ಅವರ ಹಳೇ ಚಾಳಿ. ಇಲ್ಲಿ ಕ್ಲಚ್ ಎಲ್ಲುಂಟು? ಒತ್ತಿದ್ದು ಬ್ರೇಕು. ಗೇರು ಬಿತ್ತು, ಕಾಲು ತೆಗೆದರು.

ಪಾಪು ಆಗಲೇ ಎಡಗಡೆಯ ಚಕ್ರದೆದುರು ಕೂತು ನಿಂಬೆಹಣ್ಣಿಗೆ ಕೈ ಚಾಚಿದ್ದಳು. ಹಡೆದ ತಾಯಿ ನಾನು ಮಾವನ ವಿಡಿಯೋ ಮಾಡುತ್ತಿದ್ದೆ. ನೀನು ಮಾತ್ರ ಟೈರಿನ ಅಳತೆ ಬರೆದುಕೊಳ್ಳಲೆಂದು ನೆಲಕ್ಕೆ ಕೂತಿದ್ದೆ. ಚಕ್ರ ತಿರುಗಿದ್ದು ಕಂಡದ್ದು ನಿನಗೊಬ್ಬಳಿಗೇ. ನೋಟುಬುಕ್ಕು ಒಂದು ಕಡೆ, ಪೆನ್ನು ಒಂದು ಕಡೆ, ಪಾಪು ನಿನ್ನ ಎದೆಯ ಮೇಲೆ. ನಿಂಬೆಹಣ್ಣು ಅಪ್ಪಚ್ಚಿ. ಭಟ್ಟರ ಗಂಟೆ ಇನ್ನೂ ನಿಂತಿರಲಿಲ್ಲ. ನಿನ್ನ ಮೊಣಕೈ ಸುಲಿದು ರಕ್ತ ಬರುತ್ತಿತ್ತು, ಅದನ್ನೂ ನಾನು ಆಮೇಲೆ ವಿಡಿಯೋದಲ್ಲಿ ನೋಡಿದ್ದು. "ಎಂತ ಆಗ್ಲಿಲ್ಲ, ಎಂತ ಆಗ್ಲಿಲ್ಲ" ಎಂದು ಪಾಪುವಿನ ಬೆನ್ನು ತಟ್ಟುತ್ತಾ ನೀನೇ ಅಳುತ್ತಿದ್ದೆ. ನಾನು ನಿನಗೊಂದು ಥ್ಯಾಂಕ್ಸ್ ಕೂಡ ಹೇಳದೆ ಮರ್ಯಾದೆಯ ಮಾತಾಡಿದೆ. ಕ್ಷಮಿಸು.

ಮರುದಿನವೇ ಅತ್ತೆ ಪಾಪುವಿಗೆ ಗೆಜ್ಜೆ ಕಟ್ಟಿದರು. "ಗಾಡಿಗೆ ಶಬ್ದ ಇಲ್ಲದಿದ್ರೆ ಮಗುವಿಗಾದ್ರೂ ಇರ್ಲಿ" ಎಂದರು. ಮಾವ ಅಂದಿನಿಂದ ಆ ಗಾಡಿ ಹತ್ತಿಲ್ಲ, ಕಾವೂರಿನಿಂದ ತಮ್ಮ ಹೋಟೆಲಿಗೆ ಸಿಟಿ ಬಸ್ಸಿನಲ್ಲೇ ಹೋಗುತ್ತಾರೆ.

ನಿನ್ನೆ ರಾತ್ರಿ ಉರ್ವದಿಂದ ನಮ್ಮ ಗೆಳತಿ ರಹ್ಮತ್ ಫೋನ್ ಮಾಡಿದ್ದಳು. ಅವಳ ಮಗ ಈಗಷ್ಟೇ ಅಂಬೆಗಾಲಿಡುತ್ತಿದ್ದಾನೆ. "ರೀಮಾ ಒಳ್ಳೇದುಂಟು ಅಂತ ಬರೆದ್ರೆ ನಾಳೆಯೇ ಬುಕ್ ಮಾಡ್ತೇವೆ" ಎಂದಳು. ಅವಳ ಗಂಡನೂ ಮೊದಲಿಂದ ಡೀಸೆಲ್ ಗಾಡಿಯವರೇ. ಫೋನ್ ಇಟ್ಟವಳು ಊಟಕ್ಕೆ ಕೂತಿದ್ದ ಮಾವನ ಎದುರು ಹೋಗಿ ನಿಂತು, ರೀಮಾ ಎಲ್ಲ ಬರೆಯಬಹುದೇ ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ. "ಬರೀಲಿ. ಸುಂದರ ಅಂತ ನನ್ನ ಹೆಸರೂ ಹಾಕ್ಲಿ. ಬರೀಬೇಡ ಅಂತ ನಾನು ಯಾವಾಗ ಹೇಳಿದೆ ಮಗಾ?" ಎಂದರು. ನಿಜ, ಅವರು ಹೇಳಿರಲೇ ಇಲ್ಲ. ಅವರ ಹೆಸರಿನಲ್ಲಿ ನಾನು ಮುಚ್ಚಿಟ್ಟದ್ದು ನನ್ನ ಕೈಯಲ್ಲಿದ್ದ ಮೊಬೈಲನ್ನು.

ಗಾಡಿ ಕೆಟ್ಟದ್ದೆಂದು ಬರೆಯುವುದು ಬೇಡ. ಪಾಪು ಅದರಲ್ಲಿ ಕೂತ ಕೂಡಲೇ ನಿದ್ದೆ ಹೋಗುತ್ತಾಳೆ, ನನಗೂ ಸಿಗುವ ನಿದ್ದೆ ಅಷ್ಟೇ. ಕೊಳ್ಳುವವರು ಕೊಳ್ಳಲಿ. ಡ್ಯಾಶ್‌ಬೋರ್ಡಿನಲ್ಲಿ "ರೆಡಿ" ದೀಪ ಆರುವವರೆಗೆ ಗಾಡಿ ನಿಂತಿಲ್ಲವೆಂದು, ಇಳಿಯುವಾಗ ಕಿವಿಯನ್ನಲ್ಲ, ಆ ದೀಪವನ್ನು ನಂಬಬೇಕೆಂದು ಬರೆ. ನಿಂಬೆಹಣ್ಣಿನ ಕತೆ ಬರೆ. ಅಮ್ಮ ವಿಡಿಯೋ ಮಾಡುತ್ತಿದ್ದಳೆಂದೂ ಬರೆ.

ನಿನ್ನ ಲೇಖನ ಬೆಳಿಗ್ಗೆ ಆರು ಗಂಟೆಗೆ ವೆಬ್‌ಸೈಟಿಗೆ ಹೋಗುತ್ತದಲ್ಲ? ನಾಲ್ಕು ಸಲ ಫೋನ್ ಮಾಡಿದೆ, ಸ್ವಿಚ್ ಆಫ್ ಬರುತ್ತಿದೆ. ಅದಕ್ಕೇ ಈ ಮೇಲ್. ನೆಲಕ್ಕೆ ಕೂತು ನೋಡುವ ನಿನ್ನ ಅಭ್ಯಾಸ ಎಂದೂ ತಪ್ಪದಿರಲಿ, ನಿನ್ನ ಮೊಣಕೈಯ ಗಾಯ ಬೇಗ ಮಾಯಲಿ. ಎದ್ದ ಕೂಡಲೇ ಫೋನ್ ಮಾಡು. ಪಾಪು ಎದ್ದರೆ ಏಳಲಿ. ಬೆಳಗಾಗುವ ಮೊದಲು ಮಾಡು ರೀಮಾ, ಒಂದೇ ಒಂದು ರಿಂಗ್ ಸಾಕು.

ನೀನು ಉಳಿಸಿಕೊಟ್ಟ ಮಗುವಿನ ತಾಯಿ,
ಮನ್ವಿತಾ