ಬೆಳ್ಳಿ ಇನ್ನಿಲ್ಲ, ಮೇಘಾ

ಮೇಘಾ,

ಮರಿಯಿದ್ದಾಗ ನೀನು ತಂದುಕೊಟ್ಟ ಬೆಕ್ಕು, ನಮ್ಮ ಬೆಳ್ಳಿ, ಇವತ್ತು ಬೆಳಗ್ಗೆ ಸತ್ತುಹೋದಳು. ನಾವಿಬ್ಬರೂ ಮಾತು ಬಿಟ್ಟ ಮೇಲೂ ಅವಳು ನನ್ನ ಜೊತೆಯಲ್ಲೇ ಇದ್ದಳು. ಈ ಪತ್ರ ನಿನಗೆ ಕಳಿಸುವುದಿಲ್ಲ. ಆದರೂ ನಿನಗೆ ಹೇಳದೆ ಇರಲಾಗುತ್ತಿಲ್ಲ.

ಹಾಲು ಕರೆದು ಕೊಟ್ಟಿಗೆಯಿಂದ ಬರುತ್ತಿದ್ದೆ. ಬೆಳ್ಳಿ ಕಾಲಿಗೆ ಮೈ ಉಜ್ಜುತ್ತಾ ಬರುತ್ತಿದ್ದಳು. ಹಗರೆ ರಸ್ತೆಯಲ್ಲಿ ಅಲೆಯುವ ಕಂದು ನಾಯಿ ಬೇಲಿ ನುಗ್ಗಿ ಬಂದು ಅವಳ ಕುತ್ತಿಗೆಗೇ ಬಾಯಿ ಹಾಕಿತು. ಹಾಲಿನ ಕ್ಯಾನನ್ನೇ ಬೀಸಿ ಹೊಡೆದೆ. ಅದು ಬೆಳ್ಳಿಯನ್ನು ಬಿಟ್ಟು ನನ್ನತ್ತ ತಿರುಗಿ ಗುರುಗುಟ್ಟಿತು. ನಾನು ಅಲ್ಲೇ ನಿಂತುಬಿಟ್ಟೆ. ನಮ್ಮತ್ತೆ ಸೌದೆ ಹಿಡಿದು ಓಡಿಬಂದು ಅದನ್ನು ಅಟ್ಟಿದರು. ಬೆಳ್ಳಿ ನನ್ನ ಮಡಿಲಲ್ಲೇ ಉಸಿರು ಬಿಟ್ಟಳು.

"ಅಳ್ಬ್ಯಾಡ ಕಣವ್ವ, ನಿಂಗೇನೂ ಆಗ್ಲಿಲ್ವಲ್ಲ," ಎಂದರು ಅತ್ತೆ. ತೆಂಗಿನ ಬುಡದಲ್ಲಿ ಇಬ್ಬರೂ ಸೇರಿ ಮಣ್ಣು ಮಾಡಿದೆವು.

ಆಗಿನಿಂದ ಒಳಗೇ ಕೂತಿದ್ದೇನೆ. ತೆಂಗಿನ ಗರಿ ಅಲುಗಿದರೂ ಎದ್ದು ಬಾಗಿಲ ಚಿಲಕ ನೋಡುತ್ತೇನೆ. ಮಗಳನ್ನು ಅಂಗಳಕ್ಕೂ ಬಿಟ್ಟಿಲ್ಲ. "ಆ ನಾಯಿ ಡೈರಿ ತಾವೇ ಮಲ್ಗೈತೆ, ಹುಷಾರು," ಎಂದು ಪಕ್ಕದ ಮನೆಯವರು ಹೇಳಿಹೋದರು. ಸಂಜೆಯ ಹಾಲನ್ನು ಅತ್ತೆಯೇ ಕರೆದಿಟ್ಟಿದ್ದಾರೆ. ಡೈರಿಯವರೆಗೆ ಅವರು ನಡೆಯಲಾರರು, ನಾನೇ ಒಯ್ಯಬೇಕು.

ಬೇಲೂರಿನಲ್ಲಿ ಶಾಲೆಗೆ ಹೋಗುವಾಗ ನಾಯಿ ಕಂಡರೆ, ನೀನು ನನ್ನನ್ನು ಈಚೆಗೆ ಎಳೆದುಕೊಂಡು, ನಾಯಿ ಇರುವ ಬದಿಗೆ ನೀನೇ ನಡೆಯುತ್ತಿದ್ದೆ.

ಹೊತ್ತಾಯಿತು, ಹೊರಡುತ್ತೇನೆ. ಇವತ್ತು ಆ ಬದಿಗೆ ಯಾರೂ ಇಲ್ಲ, ಮೇಘಾ.