ಬತ್ತಬೇಕಿದ್ದ ಸಾಸ್

ಪೂರಿಗಾಲಿ, ಭಾನುವಾರ

ಅಕ್ಕಾ,
ಮದುವೆಯಾಗಿ ಈ ಮನೆಗೆ ಬಂದು ತಿಂಗಳಾದರೂ, ತಾಯಿಯಿಲ್ಲದ ಇವರ ಮಗಳು ನಾಗಶ್ರೀ ನನ್ನನ್ನು ಏನೆಂದೂ ಕರೆದಿರಲಿಲ್ಲ. ಮೊನ್ನೆ ಮೊದಲ ಸಲ ಬಾಯಿಬಿಟ್ಟು ಒಂದು ಕೇಳಿದಳು: ಇಟಲಿಯವರ ಹಾಗೆ ಮಟನ್ ಸಾಸ್ ಹಾಕಿದ ಪಾಸ್ತಾ. ಇವತ್ತು ಬೆಳಿಗ್ಗೆಯೇ ಕೈಮಾ, ಈರುಳ್ಳಿ, ಟೊಮೆಟೊ ಸಣ್ಣ ಉರಿಯಲ್ಲಿಟ್ಟೆ. ಮಧ್ಯಾಹ್ನದವರೆಗೆ ಬತ್ತಿ ಗಟ್ಟಿಯಾಗಬೇಕು, ಅಷ್ಟೇ ಕೆಲಸ. ಆಮೇಲೆ ನೋಡಿದರೆ ಪಾತ್ರೆ ತುಂಬ ನೀರು! ನೆಂಟರು ಬಂದರೆಂದು ಅತ್ತೆ ಒಂದು ಚೊಂಬು ಹುಯ್ದಿದ್ದರು, ವಾರಗಿತ್ತಿ ಇನ್ನೊಂದು. ಇಲ್ಲಿ ಜನ ಹೆಚ್ಚಾದರೆ ಸಾರನ್ನೂ ಹೆಚ್ಚಿಸುತ್ತಾರೆ.
"ಸಾರು ತಳ ಅತ್ತೋಯ್ತಿತ್ತು ಕಣವ್ವ. ಕಾಲೇಜು ಓದ್ದೋಳು ನೀನು, ಇಷ್ಟು ಗೊತ್ತಾಗ್ನಿಲ್ವಾ?" ಎಂದು ಅತ್ತೆ ನಕ್ಕರು. ಮೊದಲೇ ಹೇಳಬೇಕಿತ್ತೇನೋ, ಹೇಳಿದ್ದರೆ ಬೇಜಾರಾಗುತ್ತಿದ್ದರೇನೋ. ನಾಗಶ್ರೀಗೆ ಮಾತ್ರ ಯಾಕೆ ಬತ್ತಬೇಕೆಂದು ಹೇಳಿ, ಮತ್ತೆ ಒಲೆ ಹಚ್ಚಿ, ಹಜಾರದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬೆನ್ನುನೋವು ಕಡಿಮೆಯಾಗಿದೆ, ಎಣ್ಣೆ ಕಳಿಸಬೇಡ.
ಈಗಷ್ಟೇ ಅಡುಗೆಮನೆಯಿಂದ ಅವಳ ಕೂಗು ಕೇಳಿಸಿತು: "ಅಜ್ಜೀ, ಚೊಂಬು ಕೆಳಗೆ ಮಡುಗು! ನೀರು ಉಯ್ಬ್ಯಾಡ ಅಂದವ್ಳೆ ನಮ್ಮಮ್ಮ."
ಕಾರ್ಡಿನಲ್ಲಿ ಜಾಗವಿಲ್ಲ. ಒಳಗೆ ಹೋಗುತ್ತೇನೆ.
ನಿನ್ನ ತಂಗಿ